ಸೊಸೆ ಹೇಳಿದ ರೂಲು

ಬನಹಟ್ಟಿಯ ಅನಸವ್ವ ದೇವರ ಪ್ರಸಾದವನ್ನೂ ಒಮ್ಮೆ ಮೂಸಿ ನೋಡಿಯೇ ಬಾಯಿಗೆ ಹಾಕುವ ಹೆಂಗಸು. ಹಾಲಿನವನು ಅಳೆದು ಹಾಕಿದ ಹಾಲನ್ನು ತನ್ನ ಚರಿಗೆಯಲ್ಲಿ ಮತ್ತೊಮ್ಮೆ ಅಳೆಯುವಳು. ಗಂಡ ನಾಮದೇವಪ್ಪ ಸಂತೆಯಿಂದ ಬದನೆಕಾಯಿ ತಂದರೆ ಒಂದೊಂದನ್ನೂ ತಿರುವಿ ನೋಡುವಳು. ಹುಳುಕು ಸಿಕ್ಕರೆ ಒಂದು ಬೈಗುಳ, ಸಿಗದಿದ್ದರೆ ಎರಡು. "ಇಷ್ಟ ಛಲೋ ಕಾಯಿ ಈ ರೇಟಿಗೆ ಯಾಕ ಕೊಟ್ಟ ಅಂವ?" ಎಂದು ಕೇಳುವಳು. ಮೂರು ತಲೆಮಾರಿನಿಂದ ಸೀರೆ ನೇಯ್ದು ಸೀರೆ ಮಾರಿದ ಮನೆತನ ಅದು. ಮಂದಿಯ ಬಾಯಿಯ ಮಾತು ಬೇರೆ, ಹೊಟ್ಟೆಯೊಳಗಿನ ಮಾತು ಬೇರೆ ಎಂಬುದನ್ನು ಆಕೆ ಉಂಡು ತಿಳಿದವಳು. ಓಣಿಯವರೂ ಆಕೆಯ ಸಂಶಯವನ್ನು ಒಂದು ಗುಣವೆಂದೇ ತಿಳಿದಿದ್ದರು.

ಇಂಥವಳ ಸೊಸೆ ಲಂಡನ್ನಿಗೆ ಹೋಗಿದ್ದಳು. ಖರೆ ಹೇಳಬೇಕೆಂದರೆ ಪ್ರತಿಮಾ ಇದ್ದದ್ದು ಲಂಡನ್ನಿನಲ್ಲಲ್ಲ, ಅಲ್ಲಿಂದ ರೈಲಿನಲ್ಲಿ ನಾಲ್ಕು ತಾಸು ದೂರದ, ಸಮುದ್ರದಂಡೆಯ ಒಂದು ಸಣ್ಣ ಊರಿನಲ್ಲಿ. ಆದರೆ ಬನಹಟ್ಟಿಗೆ ಇಂಗ್ಲೆಂಡ್ ಎಂದರೆ ಲಂಡನ್, ಅಲ್ಲಿಗೆ ಮುಗಿಯಿತು. ಜಮಖಂಡಿಯ ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದ ಹುಡುಗಿ, ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಮುದುಕ ಮುದುಕಿಯರನ್ನು ಎಬ್ಬಿಸಿ, ಮೈ ತೊಳೆದು, ಉಣಿಸಿ ಮಲಗಿಸುವ ಕೆಲಸ ಹಿಡಿದು ಹೋಗಿ ವರ್ಷದ ಮೇಲಾಗಿತ್ತು. ಮೊದಲು ಆಕೆ ಹೋಗುವುದು, ಮೂರು ತಿಂಗಳಿಗೆ ಗಂಡ ವೀರೇಶ ಮತ್ತು ಮಗಳು ಕಾಂಚನಾ ಹೋಗುವುದು ಎಂದು ಮಾತಾಗಿತ್ತು. ಆ ಭರವಸೆಯ ಮೇಲೆ ವೀರೇಶ ಸಕ್ಕರೆ ಕಾರ್ಖಾನೆಯ ಪಗಾರದ ಕೆಲಸ ಬಿಟ್ಟ. ಆಮೇಲೆ ಪ್ರತಿಮಾಳ ಫೋನು ಬಂತು. ರೂಲು ಬದಲಾಗಿದೆ, ಈ ಕೆಲಸಕ್ಕೆ ಬಂದವರು ಗಂಡ ಮಕ್ಕಳನ್ನು ಕರೆಸುವಂತಿಲ್ಲ, ಐದು ವರ್ಷ ದುಡಿದು ಅಲ್ಲೇ ಖಾಯಂ ನೆಲೆಸುವ ಪರವಾನಗಿ ಸಿಕ್ಕರೆ ಆಗ ನೋಡಬಹುದು. ವೀರೇಶ ಮರುಮಾತಾಡದೆ ಪಡಸಾಲೆಯ ಎರಡು ಪಾವರ್‌ಲೂಮುಗಳ ಮುಂದೆ ಅಪ್ಪನ ಜೊತೆ ನಿಂತ. ಅನಸವ್ವ ಮಾತ್ರ ಆ ರೂಲನ್ನು ಬದನೆಕಾಯಿಯಂತೆ ತಿರುವುತ್ತಲೇ ಇದ್ದಳು.

ಈ ವರ್ಷ ಮೇ ತಿಂಗಳ ಒಂದು ಸಂಜೆ ಆಕೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಗೆ ಆನಿಸಿಟ್ಟಿದ್ದ ಫೋನಿನಲ್ಲಿ ಪ್ರತಿಮಾಳ ಮುಖ. ಊಟ, ಮಳೆ, ಮಗಳ ಸಾಲಿ ಎಲ್ಲ ಮುಗಿದ ಮೇಲೆ ಪ್ರತಿಮಾ ಮೆಲ್ಲಗೆ ಹೇಳಿದಳು.

"ಅತ್ತೀ, ಇಲ್ಲಿ ಸರಕಾರ ಮತ್ತ ಹೊಸಾದೊಂದ ತರಾಕತ್ತೈತ್ರಿ. ಖಾಯಂ ಆಗಾಕ ಐದ ಅಲ್ಲ, ಹತ್ತ ವರ್ಷ ಅಂತ ಮಾತ ನಡದೈತಿ."

ರೊಟ್ಟಿ ಬಡಿಯುವ ಕೈ ನಿಂತಿತು. "ಹತ್ತ?"

"ಇನ್ನೂ ಪಕ್ಕಾ ಇಲ್ರಿ."

"ಹೋಗೂ ಮುಂದ ಮೂರ ತಿಂಗಳ ಅಂದಿ. ಹೋದ ಮ್ಯಾಲ ಐದ ವರ್ಷ ಅಂದಿ. ಈಗ ಹತ್ತ. ನಿಮ್ಮ ಲಂಡನ್ನಾಗ ಗಜಾ ದಿನಕ್ಕೊಂದ ಅಳತಿ ಬೆಳೀತೈತೇನ?"

"ರೂಲ ನಾ ಮಾಡೇನೇನ್ರಿ ಅತ್ತಿ?"

"ಯಾರ ಮಾಡ್ಯಾರೋ ಯಾರಿಗ್ಗೊತ್ತು. ನಮಗ ಹೇಳಾಕಿ ನೀನ ಅಲ್ಲ?" ಅನಸವ್ವ ಹಿಟ್ಟಿನ ಕೈಯಲ್ಲೇ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅದಿರ್ಲಿ, ಕೊರಳಾಗ ತಾಳಿ ಕಾಣವಲ್ದಲ್ಲ?"

"ಕೆಲಸದಾಗ ಹಾಕ್ಕೊಳ್ಳಾಕ ಬಿಡೂದಿಲ್ರಿ. ಮುದುಕರನ್ನ ಎತ್ತೂ ಮುಂದ ಸಿಕ್ಕೊಂಡ ಅವರಿಗೆ ಪೆಟ್ಟ ಆಗ್ತೈತಂತ. ಬಳೀನೂ ಹಂಗ. ರೂಮಿನ್ಯಾಗ ತಗದಿಟ್ಟೇನಿ."

"ಅದಕ್ಕೂ ರೂಲು!"

ಅಷ್ಟರಲ್ಲಿ ಪ್ರತಿಮಾಳ ಹಿಂದಿನಿಂದ ಒಬ್ಬ ಗಂಡಸು ನಕ್ಕದ್ದು ಕೇಳಿಸಿತು. ಅನಸವ್ವನ ಕಿವಿ ನೆಟ್ಟಗಾದವು. "ಯಾರವ್ವಾ ಅಂವ?"

"ಬಾಜೂ ರೂಮಿನ ಕೇರಳದ ಅಕ್ಕಾರ ಗಂಡ್ರಿ. ಎಲ್ಲಾರಿಗೂ ಒಂದ ಅಡಗಿಮನಿ ಐತಿ ಇಲ್ಲಿ."

"ಅಕಿ ಗಂಡ ಹೆಂಗ ಬಂದ? ಅಕೀಗಿಲ್ಲೇನ ರೂಲು?"

ಪ್ರತಿಮಾ ಒಂದು ಕ್ಷಣ ತಡೆದಳು. "ಅವರು ಮೊದಲ ಬಂದಾರ್ರಿ ಅತ್ತಿ. ಡ್ಯೂಟಿ ಹೊತ್ತಾತು, ಇಡ್ತೇನಿ."

ಆ ತಡೆದ ಒಂದು ಕ್ಷಣವೇ ಅನಸವ್ವನಿಗೆ ಸಾಕಾಯಿತು. ಹಂಚಿನ ಮೇಲಿನ ರೊಟ್ಟಿ ಕರಕಾದದ್ದೂ ಆಕೆಗೆ ತಿಳಿಯಲಿಲ್ಲ.

ಊಟದ ಹೊತ್ತಿಗೆ ಆ ರೊಟ್ಟಿಯೇ ಮಾತಿಗೆ ದಾರಿಯಾಯಿತು. ನಾಮದೇವಪ್ಪ ಕರಕನ್ನು ಉಗುರಿನಿಂದ ಕೆರೆದು, ಮಿಕ್ಕಿದ್ದನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದ. ನಲವತ್ತು ವರ್ಷ ಲೂಮಿನ ಸದ್ದಿನಲ್ಲಿ ಬಾಳಿದ ಅವನ ಕಿವಿ ಅರ್ಧ ಹೋಗಿತ್ತು. ಹೋದದ್ದು ಒಳ್ಳೆಯದೇ ಆಯಿತು ಎಂದು ಓಣಿಯಲ್ಲಿ ತಮಾಷೆ ಮಾಡುವವರಿದ್ದರು.

"ಲೇ ವೀರೇಶಾ," ಎಂದಳು ಅನಸವ್ವ, "ಹತ್ತ ವರ್ಷ ಅಂತಾಳ ನಿನ್ನ ಹೇಣ್ತಿ. ಹತ್ತ ವರ್ಷಕ್ಕ ನೀ ನಲವತ್ತೈದು, ಈ ಕೂಸು ಹತ್ತೊಂಬತ್ತು. ನಾನಂತೂ ಇರೂದಿಲ್ಲ. ಅಲ್ಲಿ ಮಂದಿ ಮುದುಕರ ಕುಂಡಿ ತೊಳೀತಾಳಂತ. ಇಲ್ಲಿ ಅತ್ತಿ ಮಾವಗ ಒಂದ ಚರಿಗಿ ನೀರ ಕೊಡೂರಿಲ್ಲ."

"ತಿಂಗಳಾ ತಿಂಗಳಾ ಕಳಸ್ತಾಳಲ್ಲಬೇ. ಮ್ಯಾಲ ಶೆಡ್ ಹಾಕಸಿದ್ದ ಯಾರ ರೊಕ್ಕ?" ವೀರೇಶ ತಲೆ ಎತ್ತದೆ ಹೇಳಿದ.

"ರೊಕ್ಕಾ ಕಳಿಸಿದ್ರ ಬಾಯಿ ಮುಚ್ಚಿಕೊಂಡಿರ್ತಾರಂತ ಅಕೀಗೆ ಗೊತ್ತೈತಿ. ಅದಕ್ಕ ಕಳಸ್ತಾಳ."

ವೀರೇಶ ತಾಟಿನಲ್ಲಿ ಕೈ ತೊಳೆದು ಎದ್ದ. ಆ ದಿನಗಳಲ್ಲಿ ಅವನು ಹೆಂಡತಿಯ ಜೊತೆ ಮಾತಾಡಲು ಮಾಳಿಗೆ ಹತ್ತುತ್ತಿದ್ದ. ಮೊದಲೆಲ್ಲ ಪಡಸಾಲೆಯಲ್ಲೇ ಕೂತು ಎಲ್ಲರೆದುರು ಮಾತಾಡುತ್ತಿದ್ದವನು ಈಗ ಯಾಕೆ ಮೇಲೆ ಹೋಗುತ್ತಾನೆ? ಅನಸವ್ವ ಒಂದು ಸಂಜೆ ಒಣಗಿದ ಬಟ್ಟೆ ತರುವ ನೆವ ಮಾಡಿ ಅರ್ಧ ಮೆಟ್ಟಿಲು ಹತ್ತಿ ನಿಂತಳು. ಮಗನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಅವ್ವಗ ಹೇಳಬ್ಯಾಡ ಅಂತೀಯಲ್ಲ, ಎಷ್ಟ ದಿನಾ ಮುಚ್ಚಿಡೂದ ಇದನ್ನ?"

ಹಾಗಾದರೆ ಮುಚ್ಚಿಡುವಂಥದ್ದು ಇದೆ! ತನ್ನ ಸಂಶಯ ಹುಸಿಯಲ್ಲ. ಸಿಟ್ಟಿನ ಜೊತೆಗೆ ಒಂದು ಬಗೆಯ ಸಮಾಧಾನವೂ ಆಕೆಗಾಯಿತು. ಮಗ ಇಳಿದು ಬಂದಾಗ ಮೆಟ್ಟಿಲ ಬುಡದಲ್ಲೇ ಅಡ್ಡ ನಿಂತಳು.

"ಏನ ಮುಚ್ಚಿಟ್ಟೀರಿ ನನ್ನಿಂದ?"

"ಏನಿಲ್ಲಬೇ ಯವ್ವಾ."

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ ಮಾಡಾಕತ್ತೀಯಲ್ಲ. ಅಕಿ ಅಲ್ಲಿ ಯಾರನ್ನರ ಕಟಗೊಂಡಾಳೇನ?"

ವೀರೇಶನ ಮುಖ ಕೆಂಪಾಯಿತು. "ಇನ್ನೊಮ್ಮೆ ಅಂಥಾ ಮಾತ ಆಡಿದ್ರ ನಾ ಈ ಮನ್ಯಾಗ ಉಣ್ಣೂದಿಲ್ಲ ನೋಡು" ಎಂದವನೇ ಲೂಮು ಚಾಲೂ ಮಾಡಿದ. ಆ ಸದ್ದಿನಲ್ಲಿ ಮುಂದಿನ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ.

ಮನೆಯಲ್ಲಿ ಸಿಗದ ಉತ್ತರ ಪಕ್ಕದ ಮನೆಯಲ್ಲಿ ಸಿಕ್ಕಿತು. ಕಸ್ತೂರೆವ್ವ ಹಗಲೆಲ್ಲ ಲಾಳಿಗೆ ಹಾಕುವ ಕಂಡಿಕೆ ಸುತ್ತುವ ಹೆಂಗಸು. ಕೈ ನೂಲಿನ ಮೇಲೆ, ಕಿವಿ ಊರಿನ ಮೇಲೆ.

"ಅಕ್ಕಾ, ನಾ ಹೇಳಿದೆ ಅಂತ ಎಲ್ಲೂ ಅನಬ್ಯಾಡ" ಎಂದು ಆಕೆ ಶುರುಮಾಡಿದಳು. "ಮುಧೋಳದಾಗ ಬಸಗೊಂಡಪ್ಪ ಅಂತ ಅದಾರ. ಅವರ ಸಣ್ಣ ಸೊಸಿ ರೇಷ್ಮಾ. ಅಕೀನೂ ಅದ ಬೆಳಗಾವಿ ಏಜೆಂಟನ ಕಡಿಂದ, ಅದ ಕೆಲಸಕ್ಕ, ನಿಮ್ಮ ಪ್ರತಿಮಾ ಹೋದ ತಿಂಗಳಾನ ಹೋಗ್ಯಾಳ. ಗಂಡ, ಎರಡೂ ಹುಡುಗರು ಹೋಗಿ ವರ್ಷಾತು."

"ಅದ ತಿಂಗಳ?"

"ಅದ ತಿಂಗಳ. ರೂಲಂತ ರೂಲು. ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅಕ್ಕಾ?" ಕಸ್ತೂರೆವ್ವ ದನಿ ಇಳಿಸಿದಳು. "ಬೀಳಗಿಯೊಳಗ ನಮ್ಮ ಪೈಕಿ ಒಂದ ಹೆಣ್ಣ ಐತಿ, ಶೇವಂತಿ ಅಂತ. ಗಂಡ ಸತ್ತ ನಾಕ ವರ್ಷಾತು, ಮಕ್ಕಳಿಲ್ಲ, ಬಾಳ ಸೌಮ್ಯ. ಹಿರ್ಯಾರ ಮುಂದ ಒಂದ ಸೋಡಚೀಟಿ ಮಾಡಿ ಪ್ರತಿಮಾನ ಸಂಬಂಧ ಮುಗಸ್ರಿ. ಪಂಚಮಿ ಆದ ಮ್ಯಾಲ ರವಿವಾರ ಅವರ ಮಂದಿನ್ನ ಕರಸ್ತೇನಿ, ಬರೇ ಮಾತಾಡಾಕ."

ಅನಸವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಸ್ತೂರೆವ್ವ ಅದನ್ನು ಹೂಂ ಎಂದೇ ತಿಳಿದಳು.

ಅಂದಿನಿಂದ ಸಂಬಂಧ ಹರಿಯುವ ಮಾತು ಆ ಮನೆಯಲ್ಲಿ ಉಪ್ಪಿನಕಾಯಿಯಂತೆ ದಿನಾ ತಾಟಿಗೆ ಬೀಳತೊಡಗಿತು. ಗಣೇಶನ ಹಬ್ಬದೊಳಗೆ ಪ್ರತಿಮಾ ಗಂಟು ಕಟ್ಟಿಕೊಂಡು ತಿರುಗಿ ಬರಬೇಕು, ಇಲ್ಲದಿದ್ದರೆ ಸೋಡಚೀಟಿ. ವೀರೇಶ ಕೂಗಾಡಿದ. ಎರಡು ದಿನ ಮನೆಯಲ್ಲಿ ಉಣ್ಣದೆ ಬಸ್‌ಸ್ಟ್ಯಾಂಡಿನ ಬಳಿ ವಡಾಪಾವ್ ತಿಂದು ಮಲಗಿದ. ಮೂರನೆಯ ದಿನ ನಾಮದೇವಪ್ಪ, ಯಾವಾಗಲೂ ಮಾತಾಡದವನು, ತಾಟು ಸರಿಸಿ ಹೆಂಡತಿಯನ್ನು ಕೇಳಿದ.

"ಅಲ್ಲ, ಆ ಹುಡುಗಿ ಏನ ತಪ್ಪ ಮಾಡ್ಯಾಳ, ಅದನ್ನರ ಹೇಳು."

"ತಪ್ಪ ಏನಂತ ಸಿಕ್ಕಿದ್ರ ನಾ ಇಷ್ಟ ದಿನಾ ಸುಮ್ನಿರ್ತಿದ್ನೇನ್ರಿ?" ಎಂದು ಅನಸವ್ವ ಕೂಗಿ ಹೇಳಿದಳು. ಹೇಳಿದ ಮೇಲೆ ಆ ಮಾತು ಆಕೆಗೇ ಸರಿಬರಲಿಲ್ಲ.

ಒಂಬತ್ತು ವರ್ಷದ ಕಾಂಚನಾ ಇದೆಲ್ಲವನ್ನೂ ರೊಟ್ಟಿ ಮುರಿಯುತ್ತ ಕೇಳುತ್ತಿದ್ದಳು. ತಾಯಿ ಹೋದ ಮೇಲೆ ಅವಳ ಜಡೆ ಹಾಕುವುದು ವೀರೇಶನ ಪಾಲಿಗೆ ಬಂದಿತ್ತು. ಲೂಮಿನ ಬೀಮಿಗೆ ಸುತ್ತಿದ ಸಾವಿರ ನೂಲೆಳೆ ಸಂಭಾಳಿಸುವ ಅವನ ಕೈಗೆ ಮಗಳ ಎರಡು ಜಡೆ ಬಗ್ಗುತ್ತಿರಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಸಾಲಿಗೆ ಹೋಗುವ ಮುಂಚೆ ಅನಸವ್ವ ಅವನ್ನು ಬಿಚ್ಚಿ ಮತ್ತೆ ಹೆಣೆಯುವಳು. ಹಾಗೆ ಹೆಣೆಯುತ್ತಿದ್ದಾಗ ಒಂದು ಮುಂಜಾನೆ ಹುಡುಗಿ ಹೇಳಿದಳು.

"ಆಯಿ, ಅವ್ವ ದೀಪಾವಳಿಗೆ ಬರ್ತಾಳಂತ."

"ಯಾರ ಹೇಳಿದ್ರು?"

"ಅವ್ವನ."

"ಹೋದ ವರ್ಷಾನೂ ದೀಪಾವಳಿ ಅಂದಿದ್ಲು. ಬಂದ್ಲೇನ?"

"ಇಲ್ಲ. ರಜಾ ಕೊಡ್ಲಿಲ್ಲಂತ."

"ರಜಾ ಕೊಡ್ಲಿಲ್ಲೋ, ಅಕಿ ಕೇಳ್ಲಿಲ್ಲೋ, ನೀ ನೋಡೀಯೇನ? ಮಂದಿ ಹೇಳಿದ್ದೆಲ್ಲಾ ಖರೆ ಅಂತ ತಿಳ್ಕೊಬಾರದ ನನ್ನವ್ವಾ. ಹೇಳೂರ ಹೊಟ್ಟ್ಯಾಗ ಏನೈತಿ ಅಂತ ಮೊದಲ ನೋಡಬೇಕು."

ಕಾಂಚನಾ ತಿರುಗಿ ನೋಡಿದಳು. "ಅವ್ವನ ಹೊಟ್ಟ್ಯಾಗ ಏನೈತಿ?"

"ಅದನ್ನ ನಾನೂ ಹುಡುಕಾಕತ್ತೇನಿ. ತಲಿ ಅಳ್ಳಾಡಸಬ್ಯಾಡ."

ಮೊಮ್ಮಗಳು ಜಾಣೆ. ಆ ವಾರದಿಂದ ತಾಯಿಯ ಫೋನು ಬಂದರೆ ಅಭ್ಯಾಸ ಇದೆ ಎಂದಳು, ಹೊಟ್ಟೆ ನೋವು ಎಂದಳು. ಕೊನೆಗೆ ನೆವ ಹೇಳುವುದನ್ನೂ ಬಿಟ್ಟು ಒಲ್ಲೆ ಎಂದಳು. ಪ್ರತಿಮಾ ಅಲ್ಲಿಂದ "ಒಂದ ಮಾತ, ಒಂದ ಮಾತ" ಎನ್ನುತ್ತಿದ್ದರೆ ಹುಡುಗಿ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಅನಸವ್ವನಿಗೆ ಒಳಗೊಳಗೆ ಕಸಿವಿಸಿಯಾಯಿತು. ಆದರೆ ಕೂಸಿಗೂ ಗೊತ್ತಾಗಿದೆ ನೋಡು ಎಂದು ತನಗೆ ತಾನೇ ಹೇಳಿಕೊಂಡಳು.

ನಾಗರ ಪಂಚಮಿಗೆ ಬೀಗತಿ ಅನ್ನವ್ವ ಹುನ್ನೂರಿನಿಂದ ಬಂದಳು. ಪ್ರತಿಮಾಳ ತಾಯಿ ಆಕೆ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ತಂದಿದ್ದಳು. ಮಗಳು ತವರಿಗೆ ಬರುವಂತಿಲ್ಲ, ಮೊಮ್ಮಗಳನ್ನಾದರೂ ಎರಡು ದಿನ ಜೋಕಾಲಿ ಆಡಲು ಕರೆದೊಯ್ಯುವೆ ಎಂಬ ಆಸೆ. ಅನಸವ್ವ ಉಂಡಿಯ ಡಬ್ಬಿಯನ್ನು ಮುಟ್ಟಲಿಲ್ಲ.

"ಕೂಸನ್ನ ಕಳಸೂದಿಲ್ಲರಿ ಬೀಗತಿ. ತಾಯಿನ್ನ ಕಳಿಸಿ ಒಮ್ಮೆ ಕೈ ಸುಟಗೊಂಡೇವಿ."

ಅನ್ನವ್ವ ಸೆರಗು ಸರಿಮಾಡಿಕೊಂಡು ಕೂತಳು. "ನನ್ನ ಮಗಳ ದಿನಾ ಫೋನಿನ್ಯಾಗ ಅಳಾಕತ್ತಾಳ. ಹೆತ್ತ ಕೂಸು ಮಾರಿ ತೋರಸವಲ್ದಂತ. ಏನ ತುಂಬೀರಿ ಅದರ ತಲ್ಯಾಗ?"

"ನಾ ತುಂಬೂದೇನೈತಿ? ಮುಧೋಳದ ರೇಷ್ಮಾ ಗಂಡನ್ನ ಕರಸ್ಕೊಂಡಾಳ. ನಿಮ್ಮ ಮಗಳ ಯಾಕ ಕರಸ್ಕೊಳ್ಳಿಲ್ಲ? ಹೇಳ್ರಿ, ಇದಕ್ಕ ಜವಾಬ ಹೇಳ್ರಿ!"

"ಮುಧೋಳಕ್ಕ ಹೋಗಿ ಅವರನ್ನ ಕೇಳ್ರಲ್ಲ!" ಅನ್ನವ್ವ ಎದ್ದು ನಿಂತಳು. "ನನ್ನ ಬಾಯಿಂದ ಹೇಳಬಾರದಂತ ಮಗಳ ಆಣಿ ಹಾಕ್ಯಾಳ. ಅದಕ್ಕ ಸುಮ್ನ ಅದೇನಿ. ಹೋಗಿ ಕೇಳ್ರಿ. ನಿಮಗ ಧೈರ್ಯ ಇದ್ರ."

"ನನಗ್ಯಾವ ಹೆದರಿಕಿ? ನಾಳೇನ ಹೋಗ್ತೇನಿ!"

ಅನ್ನವ್ವ ಚಹಾ ಕೂಡ ಕುಡಿಯದೆ ಹೋದಳು. ರವಿವಾರ ಬೀಳಗಿಯವರು ಬರುವವರಿದ್ದರು, ಇನ್ನು ನಾಲ್ಕೇ ದಿನ. ಅವರೆದುರು ಸೊಸೆಯ ಸುಳ್ಳನ್ನು ಪುರಾವೆ ಸಮೇತ ಇಟ್ಟರೆ ಮಗನೂ ಬಾಯಿ ಮುಚ್ಚುತ್ತಾನೆ. ಹೀಗೆ ಲೆಕ್ಕ ಹಾಕಿ ಅನಸವ್ವ ಮರುದಿನ ಮುಂಜಾನೆಯೇ ಮುಧೋಳದ ಬಸ್ಸು ಹತ್ತಿದಳು.

ಬಸಗೊಂಡಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಕಟ್ಟಿದ್ದ ಕಡ್ಡಿಯಂಥ ಉದ್ದ ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು. ಬಸಗೊಂಡಪ್ಪ ನೀರಾವರಿ ಇಲಾಖೆಯಲ್ಲಿದ್ದು ರಿಟೈರ್ ಆದ ಮನುಷ್ಯ, ಮೃದು ಮಾತು. "ಬರ್ರಿ ತಾಯಿ, ಪ್ರತಿಮಾನ ಅತ್ತ್ಯಾರೇನ್ರಿ? ನಮ್ಮ ರೇಷ್ಮಾ ಹೇಳ್ತಿರ್ತಾಳ ಅಕಿ ವಿಷಯ" ಎಂದು ಕರೆದು ಕೂರಿಸಿದ. ಹಿರಿಸೊಸೆ ಚೂಡಾ, ಚಹಾ ತಂದಿಟ್ಟಳು. ಗೋಡೆಯ ಮೇಲೆ ದಪ್ಪ ಕೋಟು ತೊಟ್ಟು ನಗುತ್ತಿದ್ದ ಸಣ್ಣ ಮಗ, ಸೊಸೆ, ಎರಡು ಮಕ್ಕಳ ಫೋಟೋ ಇತ್ತು. ಅನಸವ್ವ ಅದರ ಕಡೆ ಕೈ ತೋರಿಸಿಯೇ ಕೇಳಿದಳು.

"ನಿಮ್ಮ ಸೊಸಿಗೆ ಇಲ್ಲದ ರೂಲು ನಮ್ಮ ಸೊಸಿಗೆ ಎಲ್ಲಿಂದ ಬಂತರಿ? ಅಷ್ಟ ಕೇಳಾಕ ಬಂದೇನಿ."

ಬಸಗೊಂಡಪ್ಪ ಕಪ್ಪು ಕೆಳಗಿಟ್ಟ. "ನಿಮ್ಮವರು ವೀಸಾಕ್ಕ ಅರ್ಜಿ ಹಾಕಿದ್ದ ಯಾವತ್ತರಿ?"

"ಹೋದ ವರ್ಷ, ಶಿವರಾತ್ರಿ ಆಜೂಬಾಜು."

"ಶಿವರಾತ್ರಿ ಆದ ಮ್ಯಾಲ ಅಮಾಸಿ ಬಂತಲ್ರಿ, ಅದರ ಒ‌ಳಗೋ, ದಾಟಿದ ಮ್ಯಾಲೋ?"

ಅನಸವ್ವ ಚಹಾದ ಕಪ್ಪು ಎತ್ತಿಕೊಂಡಳು.

"ಯಾಕ ಕೇಳ್ದೆ ಅಂದ್ರ, ಅಲ್ಲಿ ಸರಕಾರ ಮಾರ್ಚ್ ಹನ್ನೊಂದರಿಂದ ಗೇಟ ಬಂದ್ ಮಾಡಿತ್ರಿ. ಅದರ ಮುಂಚೆ ಅರ್ಜಿ ಹಾಕಿದವರು ಗಂಡ ಮಕ್ಕಳನ್ನ ಕರಸ್ಕೊಬಹುದು. ಹನ್ನೊಂದರಿಂದ ಹಾಕಿದವರಿಗೆ ಇಲ್ಲ. ಹನ್ನೊಂದ ಸೋಮವಾರ. ಹತ್ತ ರವಿವಾರ, ಅಮಾಸಿ. ಮುಂಜಾನೆ ಏಜೆಂಟನ ಫೋನ ಬಂತು, ಇವತ್ತ ಕಡೀ ದಿನ ಅಂದ. ನಾನೂ ಬ್ಯಾಡ ಅಂದೆ ನೋಡ್ರಿ, ಅಮಾಸಿ ದಿನ ಹೊಸಾ ಕೆಲಸ ಹಿಡೀಬ್ಯಾಡ, ಒಂದ ದಿನದಾಗ ಏನಾಗ್ತೈತಿ ಅಂತ. ಆದ್ರ ರೇಷ್ಮಾ ನನ್ನ ಮಾತ ಕೇಳಲಿಲ್ಲ. 'ಮಾವಾರ, ಬೈದ್ರ ಬೈಸ್ಕೋತೇನಿ' ಅಂತ ಮಧ್ಯಾಹ್ನ ಕುಂತ ಹಾಕೇಬಿಟ್ಲು. ಎಂಟ ದಿನಾ ನಾ ಅಕಿ ಜೋಡಿ ಮಾತಾಡಿರಲಿಲ್ಲ." ಬಸಗೊಂಡಪ್ಪ ನಕ್ಕ. "ಈಗ ಅಕೀಗೆ ಕೈ ಮುಗೀಬೇಕು ನಾ."

ಅನಸವ್ವ ನಗಲಿಲ್ಲ. ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ಹಿರಿಸೊಸೆ ನೀರು ತರಲು ಓಡಿದಳು.

ಆ ರವಿವಾರ ಆಕೆಗೆ ನೆನಪಿತ್ತು. ನೆನಪಿರದೆ ಏನು! ಬನಹಟ್ಟಿಯಲ್ಲಿ ಅಮಾವಾಸ್ಯೆಗೆ ಅವರ ಮನೆಯ ಲೂಮು ತಿರುಗುವುದಿಲ್ಲ. ಲೂಮಿಗೆ ಎಣ್ಣೆ ಬಿಟ್ಟು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವ ದಿನ ಅದು. ಹೊಸ ಬೀಮು ಏರಿಸುವುದಿಲ್ಲ, ಹರಿದ ಒಂದು ಎಳೆಯನ್ನೂ ಕೂಡಿಸುವುದಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿದ್ದ ಹೊತ್ತಿಗೆ ಏಜೆಂಟನ ಫೋನು ಬಂದಿತ್ತು. ಪ್ರತಿಮಾ ಫೋನು ಹಿಡಿದುಕೊಂಡೇ ಬಂದು, "ಅತ್ತೀ, ನಾಳಿಂದ ರೂಲ ಬದಲಾಗ್ತೈತಂತ್ರಿ, ಇವತ್ತ ಅರ್ಜಿ ಹಾಕಬೇಕಂತ" ಎಂದಿದ್ದಳು. ಆಗ ತಾನು ಏನು ಹೇಳಿದೆ ಎಂಬುದು ಅನಸವ್ವನಿಗೆ ಅಕ್ಷರ ಬಿಡದೆ ನೆನಪಿಗೆ ಬಂತು. "ನಾವೂ ಸೀರಿ ಮಾರಿದವರ. ಇವತ್ತೊಂದ ದಿನ ಈ ರೇಟು, ನಾಳೆ ಇಲ್ಲ ಅಂತ ಎಷ್ಟ ಗಿರಾಕಿಗೆ ಹೇಳೀವಿ. ನಾಳೆ ಬಂದವರಿಗೂ ಅದ ರೇಟಿಗೆ ಕೊಟ್ಟೀವಿ. ಅಂವಗ ಕಮಿಷನ್ನಿನ ಗಡಿಬಿಡಿ. ಅಮಾಸಿ ದಾಟಲಿ." ಪ್ರತಿಮಾ ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಸೊಸೆ ಫೋನನ್ನು ಗೋಡೆಯ ಮಾಡದಲ್ಲಿಟ್ಟು ಹೋಳಿಗೆಗೆ ಹೂರಣ ರುಬ್ಬಲು ಒಳಗೆ ಹೋದಳು. ಸೋಮವಾರ ಮುಂಜಾನೆ ದೇವರಿಗೆ ಊದಿನಕಡ್ಡಿ ಹಚ್ಚಿ, ಅನಸವ್ವನೇ ಮುಂದೆ ನಿಂತು ಅರ್ಜಿ ಹಾಕಿಸಿದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ಆಕೆಗೆ ಬೇರೆ ದಾರಿ ಹುಡುಕುವ ಆಸೆಯಾಯಿತು. ಆ ಮುದುಕ ಸುಳ್ಳು ಹೇಳಿರಬಹುದು. ತಾರೀಖು ತಪ್ಪಿರಬಹುದು. ಪ್ರತಿಮಾಳೇ ಅವನಿಗೆ ಹೀಗೆ ಹೇಳಿ ಎಂದಿರಬಹುದು. ಮಹಾಲಿಂಗಪುರ ದಾಟುವವರೆಗೆ ಹೀಗೆಲ್ಲ ತಿರುವಿ ತಿರುವಿ ನೋಡಿದಳು. ಎಲ್ಲೂ ಹುಳುಕು ಸಿಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಹೋದರೆಂದು ಕೇಳಿದಳು.

ಮನೆಗೆ ಬಂದವಳೇ ವೀರೇಶನ ಲೂಮಿನ ಹಿಡಿಕೆ ಎಳೆದು ನಿಲ್ಲಿಸಿದಳು. ಅವನು ಹೆದರಿ ನೋಡಿದ.

"ಅಮಾಸಿ ಸಂಬಂಧ ಹಿಂಗಾತಂತ ನಿಮಗ ಯಾವಾಗ ಗೊತ್ತಾತು?"

ವೀರೇಶ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಹೇಳಿದ. "ಅಕಿ ಹೋಗಿ ಎರಡ ತಿಂಗಳಿಗೆ ಗೊತ್ತಾತಬೇ. ನನ್ನ ಅರ್ಜಿ ಹಾಕಾಕ ಹೋದಾಗ."

"ನನಗ್ಯಾಕ ಹೇಳ್ಲಿಲ್ಲೋ?"

"ಅಕೀನ ಬ್ಯಾಡ ಅಂದ್ಲು. 'ಅತ್ತಿಗೆ ಗೊತ್ತಾದ್ರ ಉಣ್ಣೂದ ಬಿಡ್ತಾರ, ಕೊರಗಿ ಸಾಯ್ತಾರ. ನನ್ನ ಮ್ಯಾಲ ಸಿಟ್ಟ ಆದ್ರ ಆಗ್ಲಿ, ನಾ ದೂರ ಅದೇನಿ' ಅಂದ್ಲು. ನೀ ಅಕೀಗೆ ಏನೇನ ಅಂದೀದಿ, ಎಲ್ಲಾ ನುಂಗ್ಯಾಳ. ಸೋಡಚೀಟಿ ಮಾತ ಕೇಳಿದ ದಿನ ನಾ ಹೇಳೇಬಿಡ್ತೇನಿ ಅಂದೆ. ಆಗೂ ಬ್ಯಾಡ ಅಂದ್ಲು."

ಅನಸವ್ವ ಲೂಮಿಗೆ ಆನಿಕೊಂಡು ನಿಂತಳು. ನಾಮದೇವಪ್ಪ ಒಮ್ಮೆ ಮಗನನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಇಷ್ಟು ಸಣ್ಣ ದನಿಯಲ್ಲಿ ಆಡಿದ ಮಾತು ಅವನಿಗೆ ಕೇಳಿಸಿರಲಿಲ್ಲ, ಆದರೆ ಎದ್ದು ಹೋಗಿ ಒಂದು ಲೋಟ ನೀರು ತಂದು ಆಕೆಯ ಕೈಗಿಟ್ಟ.

ನೀರು ಕುಡಿದವಳು ಸೀದಾ ಕಸ್ತೂರೆವ್ವನ ಬಾಗಿಲಿಗೆ ಹೋದಳು. "ಬೀಳಗಿಯವರಿಗೆ ಬರಬ್ಯಾಡ್ರಿ ಅಂತ ಹೇಳು."

"ಯಾಕಕ್ಕಾ? ಮುಧೋಳದಾಗ ಏನಂದ್ರು?"

"ನನ್ನ ಸೊಸಿ ಬಂಗಾರ ಅಂದ್ರು. ಇನ್ನೊಮ್ಮೆ ನನ್ನ ಮನಿ ಮುರಿಯೂ ಮಾತ ತಂದಿ ಅಂದ್ರ ನೋಡು ಮತ್ತ!" ಕಸ್ತೂರೆವ್ವ ಬಾಯಿ ತೆರೆದಳು. ಅನಸವ್ವ ಅಷ್ಟರಲ್ಲಿ ತಿರುಗಿ ನಡೆದಿದ್ದಳು. ಮುರಿಯಲು ಹೊರಟವಳು ತಾನೇ ಎಂದು ಆಕೆಗೆ ಗೊತ್ತಿತ್ತು. ಅದಕ್ಕೇ ದನಿ ಅಷ್ಟು ದೊಡ್ಡದಾಗಿತ್ತು.

ಸಂಜೆ ಆರಕ್ಕೆ ಆಕೆಯೇ ಫೋನು ಹಚ್ಚಿಸಿದಳು. ಪಡಸಾಲೆಯಲ್ಲಿ ನಾಮದೇವಪ್ಪನ ಲೂಮು ತಿರುಗುತ್ತಿತ್ತು. ಕಾಂಚನಾ ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಫೋನಿನಲ್ಲಿ ಪ್ರತಿಮಾಳ ಮುಖ ಮೂಡಿತು. ಕಣ್ಣ ಕೆಳಗೆ ಕಪ್ಪು, ಕೂದಲು ಎತ್ತಿ ಕಟ್ಟಿದ್ದಳು. ಇಷ್ಟು ದಿನ ಈ ಮುಖದಲ್ಲಿ ಕಪಟ ಹುಡುಕಿದ್ದೇ ಆಯಿತು, ಹುಡುಗಿ ಎಷ್ಟು ಸೊರಗಿದ್ದಾಳೆ ಎಂದು ನೋಡಿರಲಿಲ್ಲ.

"ಅತ್ತೀ, ಯಾಕ್ರಿ? ಎಲ್ಲಾರೂ ಆರಾಮ ಅದಾರಲ್ರಿ?"

"ಮುಧೋಳಕ್ಕ ಹೋಗಿದ್ದೆ" ಎಂದಳು ಅನಸವ್ವ. "ಗೊತ್ತಾತವಾ. ನನ್ನ ನಾಲಿಗಿಗೆ ಹುಳಾ ಬೀಳ್ಲಿ."

ಪ್ರತಿಮಾ ತುಟಿ ಕಚ್ಚಿಕೊಂಡಳು. "ಹಂಗ ಅನಬ್ಯಾಡ್ರಿ ಅತ್ತಿ. ಏಜೆಂಟನ ಮಾತ ನನಗೂ ಖರೆ ಅನಸಿರಲಿಲ್ಲ ಆವತ್ತ. ಖರೆ ಅನಸಿದ್ರ ನಿಮ್ಮ ಜೋಡಿ ಜಗಳ ಮಾಡಿಯಾದ್ರೂ ಹಾಕ್ತಿದ್ದೆ."

"ನೀ ಒಂದ ಮಾತ ಅಂದಿದ್ರ ನನಗ? ಒಂದ ಸಲಾ ಬೈದಿದ್ರ? ಎಲ್ಲಾ ನಿಂದ ತಪ್ಪ ಅಂತ ಹೊತಗೊಂಡ ಕುಂತೀಯಲ್ಲ ಹುಚ್ಚಿ!" ಅತ್ತೆ ಸೊಸೆ ಇಬ್ಬರೂ ಸ್ವಲ್ಪ ಹೊತ್ತು ಅತ್ತರು, ಒಬ್ಬಳು ಬನಹಟ್ಟಿಯಲ್ಲಿ, ಒಬ್ಬಳು ಸಮುದ್ರದಂಡೆಯ ಆ ಅಡುಗೆಮನೆಯಲ್ಲಿ.

ಕೊನೆಗೆ ಪ್ರತಿಮಾ ಕಣ್ಣೊರೆಸಿಕೊಂಡು ಕೇಳಿದಳು. "ಅತ್ತೀ, ಹತ್ತ ವರ್ಷನೋ, ಹದಿನೈದನೋ, ಅವರ ಏನರ ರೂಲ ಮಾಡ್ಲಿ. ಕಾಂಚನಾನ ಒಮ್ಮೆ ಮಾತಾಡಸ್ರಿ. ಎರಡ ತಿಂಗಳಾತ್ರಿ ಅಕಿ ಧ್ವನಿ ಕೇಳಿ."

ಅನಸವ್ವ ಫೋನು ಹಿಡಿದು ಮೂಲೆಗೆ ಹೋಗಿ ಮೊಮ್ಮಗಳ ಮುಂದೆ ಕೂತಳು. ಫೋನನ್ನು ಎದೆಗೆ ಒತ್ತಿಕೊಂಡು, ಲೂಮಿನ ಸದ್ದಿನಲ್ಲಿ ಹುಡುಗಿಯ ಕಿವಿಗೆ ಬಾಗಿ ಹೇಳಿದಳು. "ನನ್ನವ್ವಾ, ನಾ ತಪ್ಪ ತಿಳ್ಕೊಂಡಿದ್ದೆ. ನಿಮ್ಮವ್ವ ಸುಳ್ಳ ಹೇಳಿಲ್ಲ. ನೀವು ಅಲ್ಲಿಗೆ ಹೋಗದಂಗ ಆದದ್ದ ನನ್ನಿಂದ. ಅಕಿ ಮಾತ ಎಲ್ಲಾ ಖರೆ. ಮಾತಾಡವಾ."

ಕಾಂಚನಾ ಪೆನ್ಸಿಲ್ ಕೆಳಗಿಟ್ಟಳು. ಫೋನಿನ ಕಡೆ ನೋಡಲಿಲ್ಲ. ಆಯಿಯ ಒದ್ದೆ ಮುಖವನ್ನು ಬಹಳ ಹೊತ್ತು, ಆ ಕಡೆ ಈ ಕಡೆಯಿಂದ ಪರೀಕ್ಷಿಸಿ ನೋಡಿದಳು.

"ಹಿಂಗ ಹೇಳಂತ ಅವ್ವ ನಿನಗ ಹೇಳಿಕೊಟ್ಳೇನ?"

"ಇಲ್ಲವಾ, ನಾನ ಹೇಳಾಕತ್ತೇನಿ. ದೇವರಾಣಿ."

"ಅವ್ವ ಸುಳ್ಳ ಅಂತಾನೂ ನೀನ ಹೇಳಿದ್ದಿಯಲ್ಲ ಆಯಿ?" ಎಂದು ಕಾಂಚನಾ ಪುಸ್ತಕ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಅನಸವ್ವ ಅಲ್ಲೇ ಕೂತಿದ್ದಳು. ಎದೆಗೊತ್ತಿದ ಫೋನಿನೊಳಗಿಂದ ಪ್ರತಿಮಾಳ ದನಿ ಬರುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅದನ್ನು ಎದುರಿಗೆ ಹಿಡಿದಳು.

"ಏನಂದ್ಲರಿ ಅತ್ತಿ? ಇಲ್ಲಿ ಲೂಮಿನ ಸಪ್ಪಳ ಒಂದ ಕೇಳಸ್ತು."

"ಅಭ್ಯಾಸ ಬಾಳ ಐತಂತವಾ" ಎಂದಳು ಅನಸವ್ವ. "ನಾಳೆ ತಾನ ಫೋನ ಮಾಡ್ತೇನಿ ಅಂದ್ಲು. ನಕ್ಕೋಂತ ಅಂದ್ಲು."

ಪ್ರತಿಮಾ ಸುಮ್ಮನೆ ಅತ್ತೆಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಖರೇನ್ರಿ ಅತ್ತಿ?"